ಪಂಚೆಯೂ ಗ್ಲೂಕೋಸ್, ಗಂಜಿಯೂ ಗ್ಲೂಕೋಸ್

ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಹತ್ತಿಯ ಪಂಚೆಯಲ್ಲಿ ಮುಖ್ಯವಾಗಿ ಇರುವುದು ಎರಡೇ ಪದಾರ್ಥ: ಹತ್ತಿಯ ನೂಲು ಮತ್ತು ಅಕ್ಕಿಯ ಗಂಜಿ. ಒಗೆಯಲು ನೆನೆಹಾಕಿದರೆ ಗಂಜಿ ಬಿಟ್ಟುಕೊಂಡು ನೀರಿಗೆ ಇಳಿಯುತ್ತದೆ, ನೂಲಿಗೆ ಏನೂ ಆಗುವುದಿಲ್ಲ. ಗಂಜಿ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಮೈಗೆ ಕಸುವು ಬರುತ್ತದೆ. ಹತ್ತಿಯ ನೂಲನ್ನು ನುಂಗಿದರೆ ಅದು ಜೀರ್ಣವಾಗದೆ ಹೊರಗೆ ಹೋಗುತ್ತದೆ. ಇಷ್ಟು ಬೇರೆಯಾಗಿ ವರ್ತಿಸುವ ಈ ಎರಡನ್ನೂ ಪ್ರಯೋಗಶಾಲೆಯಲ್ಲಿ ಆಮ್ಲ ಹಾಕಿ ಬಿಡಿ ಬಿಡಿ ಮಾಡಿದರೆ ಕೊನೆಗೆ ಸಿಗುವ ವಸ್ತು ಒಂದೇ, ಗ್ಲೂಕೋಸ್. ಗಂಜಿಯ ಪಿಷ್ಟವೂ ಹತ್ತಿಯ ಸೆಲ್ಯುಲೋಸೂ ಸಾವಿರಾರು ಗ್ಲೂಕೋಸ್ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಪಳಿಗಳು. 1838ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಆನ್ಸೆಲ್ಮ್ ಪಯೆನ್ ಗಿಡಗಳ ಗಟ್ಟಿ ನಾರಿನಿಂದ ಸೆಲ್ಯುಲೋಸನ್ನು ಬೇರ್ಪಡಿಸಿ ಅಳೆದಾಗ ಇಂಗಾಲ, ಜಲಜನಕ, ಆಮ್ಲಜನಕಗಳ ಪ್ರಮಾಣ ಪಿಷ್ಟದಲ್ಲಿ ಇದ್ದಷ್ಟೇ ಇತ್ತು. ಹಾಗಾದರೆ ಒಂದು ಊಟ, ಇನ್ನೊಂದು ಬಟ್ಟೆ ಆಗುವುದು ಹೇಗೆ?

ಗ್ಲೂಕೋಸ್ ಅಣುವನ್ನು ಹತ್ತಿರದಿಂದ ನೋಡಬೇಕು. ಅದು ಆರು ಮೂಲೆಯ ಒಂದು ಉಂಗುರ. ಐದು ಮೂಲೆಗಳಲ್ಲಿ ಇಂಗಾಲ, ಆರನೆಯದರಲ್ಲಿ ಆಮ್ಲಜನಕ. ಉಂಗುರದ ಮೊದಲ ಇಂಗಾಲಕ್ಕೆ ಅಂಟಿಕೊಂಡ ಆಮ್ಲಜನಕ–ಜಲಜನಕದ ಜೋಡಿ ಉಂಗುರದ ಮಟ್ಟಕ್ಕಿಂತ ಕೆಳಗೆ ಇರಬಹುದು, ಮೇಲೆ ಇರಬಹುದು. ಕೆಳಗಿದ್ದಾಗ ಕೊಂಡಿ ಬಿದ್ದರೆ ಸರಪಳಿ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಬಾಗುತ್ತ ಸುರುಳಿಯಾಗುತ್ತದೆ, ಒಂದು ಸುತ್ತಿಗೆ ಸುಮಾರು ಆರು ಗ್ಲೂಕೋಸ್. ಇದು ಪಿಷ್ಟ. ಸುರುಳಿಯ ಒಳಗೆ ಪೊಳ್ಳು ಜಾಗವಿರುತ್ತದೆ. ಗಂಜಿಗೆ ಅಯೋಡಿನ್ ಹನಿ ಬಿದ್ದರೆ ಕಡುನೀಲಿಯಾಗುವುದು ಅಯೋಡಿನ್ ಆ ಪೊಳ್ಳಿನೊಳಗೆ ಹೋಗಿ ಕೂರುವುದರಿಂದ. ಮೇಲಿದ್ದಾಗ ಕೊಂಡಿ ಬಿದ್ದರೆ ಪ್ರತಿ ಗ್ಲೂಕೋಸೂ ಪಕ್ಕದ್ದಕ್ಕೆ ಮಗುಚಿ ಕೂರಬೇಕಾಗುತ್ತದೆ, ಸರಪಳಿ ನೆಟ್ಟಗೆ ಕೋಲಿನಂತೆ ಚಾಚಿಕೊಳ್ಳುತ್ತದೆ. ಅಂಥ ನೆಟ್ಟನೆಯ ಸರಪಳಿಗಳು ಅಕ್ಕಪಕ್ಕದಲ್ಲಿ ಒತ್ತಾಗಿ ಮಲಗಿ, ಉದ್ದಕ್ಕೂ ಒಂದನ್ನೊಂದು ಹಿಡಿದುಕೊಂಡು, ನಡುವೆ ನೀರಿಗೆ ದಾರಿ ಕೊಡದ ಕಟ್ಟುಗಳಾಗುತ್ತವೆ. ಇದು ಸೆಲ್ಯುಲೋಸ್. ನಮ್ಮ ಎಂಜಲಿನಲ್ಲೂ ಕರುಳಿನಲ್ಲೂ ಇರುವ ಕಿಣ್ವಗಳಿಗೆ ಮೊದಲ ಬಗೆಯ ಕೊಂಡಿಯನ್ನು ಬಿಡಿಸುವುದು ಗೊತ್ತು, ಎರಡನೆಯದು ಗೊತ್ತಿಲ್ಲ. ಹಸುವಿಗೂ ಸ್ವಂತವಾಗಿ ಗೊತ್ತಿಲ್ಲ. ಅದರ ಹೊಟ್ಟೆಯ ಮೊದಲ ಚೀಲದಲ್ಲಿ ಮನೆ ಮಾಡಿರುವ ಸೂಕ್ಷ್ಮಜೀವಿಗಳು ಬಿಡಿಸಿಕೊಡುತ್ತವೆ. ಭತ್ತದ ಕಾಳು ನಮಗೂ ಹುಲ್ಲು ದನಕ್ಕೂ ಹಂಚಿಹೋದದ್ದರ ಹಿಂದೆ ಇರುವುದು ಮುಖ್ಯವಾಗಿ ಈ ಕೊಂಡಿಯ ದಿಕ್ಕು. ಜೀವಿಗಳನ್ನು ಕಟ್ಟಿರುವ ದೊಡ್ಡ ಅಣುಗಳ ಬಗ್ಗೆ ಈ ಲೇಖನದ ವಾದವೂ ಇದೇ: ಅವುಗಳ ಗುಣವನ್ನು ತೀರ್ಮಾನಿಸುವುದು ಅವು ಯಾವುದರಿಂದ ಆಗಿವೆ ಎಂಬುದಕ್ಕಿಂತ, ಹೇಗೆ ಜೋಡಣೆಯಾಗಿವೆ ಎಂಬುದು.

ಸಾಮಾನಿನ ಪಟ್ಟಿ ನಿಜಕ್ಕೂ ಚಿಕ್ಕದು. ಮನುಷ್ಯನ ಮೈತೂಕದ ನೂರು ಭಾಗಗಳಲ್ಲಿ ಸುಮಾರು 65 ಭಾಗ ಆಮ್ಲಜನಕ, 18 ಭಾಗ ಇಂಗಾಲ, 10 ಭಾಗ ಜಲಜನಕ, 3 ಭಾಗ ಸಾರಜನಕ. ಉಳಿದದ್ದರಲ್ಲಿ ಸುಣ್ಣಾಂಶ, ರಂಜಕ, ಗಂಧಕ, ಉಪ್ಪಿನ ಅಂಶಗಳು. ಜೀವಿಗೇ ಮೀಸಲಾದ ಧಾತು ಎಂದು ಒಂದೂ ಇಲ್ಲ. ಇವೆಲ್ಲ ಕಲ್ಲು, ಗಾಳಿ, ನೀರಿನಲ್ಲೂ ಸಿಗುತ್ತವೆ. ಇಷ್ಟರಿಂದಲೇ ಜೀವಕೋಶ ಕಟ್ಟಿಕೊಳ್ಳುವ ದೊಡ್ಡ ಅಣುಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಪಿಷ್ಟ, ಸೆಲ್ಯುಲೋಸ್‌ಗಳು ಸೇರಿದ ಕಾರ್ಬೋಹೈಡ್ರೇಟುಗಳು, ಪ್ರೋಟೀನುಗಳು, ಕೊಬ್ಬು ಮತ್ತು ಅದರ ಬಳಗವಾದ ಲಿಪಿಡ್‌ಗಳು, ಡಿಎನ್‌ಎ, ಆರ್‌ಎನ್‌ಎ ಎಂಬ ನ್ಯೂಕ್ಲಿಯಿಕ್ ಆಮ್ಲಗಳು. ನಾಲ್ಕರಲ್ಲೂ ಬಿಡಿ ಅಣುಗಳನ್ನು ಸೇರಿಸುವ ಉಪಾಯ ಮೂಲತಃ ಒಂದೇ. ಎರಡು ಅಣು ಕೂಡುವ ಜಾಗದಲ್ಲಿ ಒಂದು ನೀರಿನ ಅಣುವಿನಷ್ಟು ಅಂಶ ಹೊರಬೀಳುತ್ತದೆ. ಜೀರ್ಣವಾಗುವುದೆಂದರೆ ಅದೇ ಜಾಗಕ್ಕೆ ನೀರನ್ನು ಮತ್ತೆ ತುರುಕಿ ಕೊಂಡಿ ಬಿಡಿಸುವುದು.

ಇಷ್ಟು ದೊಡ್ಡ ಅಣುಗಳು ಇರಬಲ್ಲವು ಎಂಬುದನ್ನೇ ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳು ಒಪ್ಪಿರಲಿಲ್ಲ. ರಬ್ಬರ್, ಪಿಷ್ಟ, ಪ್ರೋಟೀನ್ ಎಲ್ಲವೂ ಸಣ್ಣ ಅಣುಗಳು ಸಡಿಲವಾಗಿ ಗುಂಪುಗೂಡಿದ ಮುದ್ದೆಗಳು ಎಂಬುದು ಆಗಿನ ನಂಬಿಕೆ. ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಇದನ್ನು ಎದುರಿಸಿದರು: ಇವು ಮುದ್ದೆಯಲ್ಲ, ಕೊನೆಯಿಂದ ಕೊನೆಯವರೆಗೆ ಗಟ್ಟಿ ರಾಸಾಯನಿಕ ಕೊಂಡಿಗಳಿಂದ ಸೇರಿದ ಒಂದೊಂದೇ ಅಣು. ಸಡಿಲ ಗುಂಪು ಎನ್ನುವವರು ರಬ್ಬರಿನ ಅಣುಗಳಲ್ಲಿರುವ ಇಬ್ಬಂಧಗಳ, ಅಂದರೆ ಜೋಡಿ ಕೊಂಡಿಗಳ, ಉಳಿಕೆ ಸೆಳೆತ ಅವನ್ನು ಹಿಡಿದಿಟ್ಟಿದೆ ಎನ್ನುತ್ತಿದ್ದರು. ಸ್ಟಾಡಿಂಗರ್ ರಬ್ಬರಿಗೆ ಜಲಜನಕ ಸೇರಿಸಿ ಆ ಇಬ್ಬಂಧಗಳನ್ನೇ ಇಲ್ಲವಾಗಿಸಿದರು. ಮುದ್ದೆಯಾಗಿದ್ದರೆ ಅದು ಒಡೆದು ಸಣ್ಣ ಅಣುಗಳಾಗಬೇಕಿತ್ತು, ಆಗಲಿಲ್ಲ. ಅದೇ ದಶಕದಲ್ಲಿ ಸ್ವೀಡನ್ನಿನ ಥಿಯೊಡೋರ್ ಸ್ವೆಡ್‌ಬರ್ಗ್ ಅತಿವೇಗದಿಂದ ತಿರುಗುವ ಯಂತ್ರದಲ್ಲಿ ಹಿಮೋಗ್ಲೋಬಿನನ್ನು ತಿರುಗಿಸಿದಾಗ ಅದರ ಕಣಗಳೆಲ್ಲ ಒಂದೇ ತೂಕದವು ಎಂದು ಕಂಡಿತು. ಸಿಕ್ಕಸಿಕ್ಕ ಹಾಗೆ ಗುಂಪುಗೂಡಿದ ಮುದ್ದೆಗಳು ಒಂದೇ ತೂಕಕ್ಕೆ ಬರುವುದು ಸಾಧ್ಯವಿಲ್ಲ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಬಗೆಯ ಅವರೆ ಜಾತಿಯ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಾಗಿಸಿ, ಕಿಣ್ವವೂ ಒಂದು ಪ್ರೋಟೀನೇ ಎಂದು ತೋರಿಸಿದರು. ಸ್ಟಾಡಿಂಗರ್ ಅವರಿಗೆ ನೊಬೆಲ್ ಸಿಕ್ಕಿದ್ದು 1953ರಲ್ಲಿ, ವಾದ ಮಂಡಿಸಿ ಮೂವತ್ತಮೂರು ವರ್ಷದ ನಂತರ. ಈ ಜಗಳ ಇಲ್ಲಿ ಮುಖ್ಯವಾಗಲು ಕಾರಣವಿದೆ. ಮುದ್ದೆಗೆ ಕ್ರಮ ಇರುವುದಿಲ್ಲ, ಸರಪಳಿಗೆ ಇರುತ್ತದೆ. ಜೀವದ ಅಣುಗಳು ಸರಪಳಿಗಳು ಎಂದು ಒಪ್ಪಿದ ಮೇಲೆಯೇ, ಅವುಗಳಲ್ಲಿ ಯಾವುದರ ಪಕ್ಕ ಯಾವುದಿದೆ ಎಂದು ಕೇಳಲು ಸಾಧ್ಯವಾಯಿತು.

ಕಾರ್ಬೋಹೈಡ್ರೇಟುಗಳಲ್ಲಿ ಈ ಪ್ರಶ್ನೆಗೆ ಉತ್ತರ ಅಡುಗೆಮನೆಯಲ್ಲೇ ಸಿಗುತ್ತದೆ. ಪಿಷ್ಟದಲ್ಲಿ ಎರಡು ಬಗೆ: ಕವಲಿಲ್ಲದ ಉದ್ದ ಸರಪಳಿಯ ಅಮೈಲೋಸ್, ಪೊದೆಯಂತೆ ಕವಲೊಡೆದ ಅಮೈಲೋಪೆಕ್ಟಿನ್. ಅಮೈಲೋಸ್ ಹೆಚ್ಚಿರುವ ಅಕ್ಕಿಯ ಅನ್ನ ಉದುರುದುರಾಗುತ್ತದೆ. ಈಶಾನ್ಯ ರಾಜ್ಯಗಳಲ್ಲಿ ಬಳಸುವ ಅಂಟಕ್ಕಿಯಲ್ಲಿ ಅಮೈಲೋಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಗಡುಸಾಗುವುದು ಬರೀ ನೀರು ಆರಿ ಹೋಗಿದ್ದರಿಂದ ಅಲ್ಲ. ಬೇಯುವಾಗ ಸಡಿಲಗೊಂಡಿದ್ದ ಸರಪಳಿಗಳು ತಣ್ಣಗಾಗುತ್ತ ಮತ್ತೆ ಸಾಲುಗೂಡುತ್ತವೆ, ಹಾಗೆ ಸಾಲುಗೂಡಿದ ಪಿಷ್ಟದ ಒಂದು ಪಾಲು ಸುಲಭಕ್ಕೆ ಜೀರ್ಣವೂ ಆಗುವುದಿಲ್ಲ. ನಮ್ಮ ಯಕೃತ್ತು ಗ್ಲೂಕೋಸನ್ನು ಗ್ಲೈಕೋಜನ್ ಎಂಬ ಇನ್ನೂ ಹೆಚ್ಚು ಕವಲಿನ ರೂಪದಲ್ಲಿ ಕೂಡಿಡುತ್ತದೆ. ಪ್ರತಿ ಕವಲಿನ ತುದಿಯಿಂದಲೂ ಒಂದೇ ಸಲಕ್ಕೆ ಗ್ಲೂಕೋಸ್ ಬಿಡಿಸಬಹುದಾದ್ದರಿಂದ, ಓಡಬೇಕಾಗಿ ಬಂದಾಗ ತಡವಾಗುವುದಿಲ್ಲ. ಗ್ಲೂಕೋಸಿಗೆ ಸಾರಜನಕದ ಒಂದು ಸಣ್ಣ ಬಾಲ ಸೇರಿಸಿ ಸೆಲ್ಯುಲೋಸಿನ ರೀತಿಯಲ್ಲೇ ಕೊಂಡಿ ಹಾಕಿದರೆ ಕೈಟಿನ್ ಆಗುತ್ತದೆ. ಜೀರುಂಡೆಯ ಚಿಪ್ಪಿನಲ್ಲೂ ಅಣಬೆಯ ಗೋಡೆಯಲ್ಲೂ ಇರುವುದು ಅದು.

ಪ್ರೋಟೀನುಗಳಿಗೆ ಬಂದರೆ ಬಿಡಿ ಅಣುಗಳೇ ಇಪ್ಪತ್ತು ಬಗೆ, ಅಮೈನೋ ಆಮ್ಲಗಳು. ಸಾಧ್ಯತೆಗಳ ಲೆಕ್ಕ ಅಳತೆ ಮೀರುತ್ತದೆ. ನೂರು ಅಮೈನೋ ಆಮ್ಲದ ಒಂದು ಸಾಧಾರಣ ಪ್ರೋಟೀನನ್ನು ಎಷ್ಟು ರೀತಿ ಜೋಡಿಸಬಹುದು ಎಂದು ಲೆಕ್ಕ ಹಾಕಿದರೆ ಒಂದರ ಮುಂದೆ 130 ಸೊನ್ನೆ ಬರೆಯಬೇಕಾಗುತ್ತದೆ. ಇವುಗಳಲ್ಲಿ ಒಂದು ನಿಶ್ಚಿತ ಕ್ರಮವನ್ನೇ ಜೀವಕೋಶ ಆರಿಸಿಕೊಂಡಿರುತ್ತದೆ ಎಂದು ಮೊದಲು ತೋರಿಸಿದವರು ಕೇಂಬ್ರಿಜಿನ ಫ್ರೆಡರಿಕ್ ಸ್ಯಾಂಗರ್. ಇನ್ಸುಲಿನ್ನಿನ 51 ಅಮೈನೋ ಆಮ್ಲಗಳು, 21ರ ಒಂದು ಸರಪಳಿ ಮತ್ತು 30ರ ಇನ್ನೊಂದು, ಯಾವ ಸಾಲಿನಲ್ಲಿವೆ ಎಂಬುದನ್ನು ಅವರು ಕಷ್ಟಪಟ್ಟು ಬಿಡಿಸಿ ಓದಿದರು. 1958ರಲ್ಲಿ ಅದಕ್ಕೆ ನೊಬೆಲ್ ಬಂತು. ಕ್ರಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ರಾಮನಗರದ ರೇಷ್ಮೆಗೂಡಿಗಿಂತ ಒಳ್ಳೆಯ ಸಾಕ್ಷಿ ಬೇಡ. ಗೂಡಿನ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ, ಎರಡೂ ಒಂದೇ ಹುಳುವಿನ ಒಂದೇ ಗ್ರಂಥಿಯ ಬೇರೆ ಬೇರೆ ಭಾಗದಲ್ಲಿ ತಯಾರಾದವು. ಒಳಗಿನ ಎಳೆ ಫೈಬ್ರೋಯಿನ್, ಹೊರಗಿನ ಅಂಟು ಸೆರಿಸಿನ್. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಸೆರಿಸಿನ್ ಮೆತ್ತಗಾಗಿ ಹಿಡಿತ ಬಿಡುತ್ತದೆ, ಫೈಬ್ರೋಯಿನ್ ಜಗ್ಗುವುದಿಲ್ಲ. ಫೈಬ್ರೋಯಿನ್ನಿನ ಶೇಕಡ ಎಂಬತ್ತಕ್ಕೂ ಹೆಚ್ಚು ಪಾಲು ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರೇ ಚಿಕ್ಕ ಅಮೈನೋ ಆಮ್ಲಗಳು. ಅವು ಒಂದು ಬಿಟ್ಟು ಒಂದರಂತೆ ಗ್ಲೈಸಿನ್ ಬರುವ ಹಾಗೆ ಮರಳಿ ಮರಳಿ ಸಾಲುಗೂಡಿರುವುದರಿಂದ ಸರಪಳಿಗಳು ಮಡಿಕೆಯಿಟ್ಟ ಹಾಳೆಗಳಂತೆ ಒಂದರ ಮೇಲೊಂದು ಬಿಗಿಯಾಗಿ ಕೂರುತ್ತವೆ. ಸೆರಿಸಿನ್ನಿನಲ್ಲಿ ನೀರನ್ನು ಪ್ರೀತಿಸುವ ಸೆರಿನ್ ಹೇರಳವಾಗಿದೆ, ಅಂಥ ಬಿಗಿ ಸಾಲು ಅಲ್ಲಿ ಕಟ್ಟಿಕೊಳ್ಳುವುದಿಲ್ಲ. ಸೀರೆಯ ಹೊಳಪೂ ಬಾಳಿಕೆಯೂ ಆ ಮರುಕಳಿಸುವ ಸಾಲಿನಿಂದ ಬಂದವು.

ನಮ್ಮದೇ ಮೈಯಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್ ಕೊಲಾಜೆನ್; ಚರ್ಮ, ಮೂಳೆ, ಸ್ನಾಯುರಜ್ಜುಗಳ ಆಧಾರ ಅದು. ಅದರ ರಚನೆ ಬಿಡಿಸಿದ ಕಥೆಗೆ ದಕ್ಷಿಣ ಭಾರತದ ನೇರ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್, ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್-ಕಿರಣ ಹಾಯಿಸಿ, 1954ರಲ್ಲಿ ಕೊಲಾಜೆನ್ ಮೂರು ಎಳೆಗಳ ಹುರಿ ಎಂದು ಸಾರಿದರು. ಅದರ ಸಾಲಿನಲ್ಲಿ ಪ್ರತಿ ಮೂರನೆಯದು ಗ್ಲೈಸಿನ್ ಆಗಿರಲೇಬೇಕು, ಏಕೆಂದರೆ ಮೂರು ಎಳೆಗಳು ಕೂಡುವ ಇಕ್ಕಟ್ಟಿನ ನಡುವೆ ಹಿಡಿಸುವಷ್ಟು ಚಿಕ್ಕದು ಅದೊಂದೇ. ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಆ ಸರಪಳಿಯಲ್ಲಿ ಒಂದೇ ಒಂದು ಗ್ಲೈಸಿನ್ನಿನ ಜಾಗಕ್ಕೆ ಬೇರೆಯದು ಬಂದು ಕೂತರೆ ಹುರಿ ಅಲ್ಲಿ ಉಬ್ಬಿ ಸಡಿಲವಾಗುತ್ತದೆ. ಮಕ್ಕಳ ಮೂಳೆ ಸುಮ್ಮಸುಮ್ಮನೆ ಮುರಿಯುವ ಒಂದು ಕಾಯಿಲೆಗೆ ಕಾರಣ ಇದೇ ಬದಲಾವಣೆ. 1963ರಲ್ಲಿ ರಾಮಚಂದ್ರನ್ ತಮ್ಮ ಸಹೋದ್ಯೋಗಿಗಳಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಇನ್ನೂ ಮೂಲಕ್ಕೆ ಇಳಿದರು. ಪ್ರೋಟೀನಿನ ಸರಪಳಿ ಪ್ರತಿ ಕೊಂಡಿಯ ಬಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಿರುಗಲಾರವು ಎಂದು ನಕ್ಷೆ ಬರೆದರು. ಇಂದು ಜಗತ್ತಿನ ಯಾವ ಪ್ರಯೋಗಶಾಲೆಯಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯಿದೆಯೇ ಎಂದು ನೋಡುವುದು ರಾಮಚಂದ್ರನ್ ನಕ್ಷೆಯ ಮೇಲಿಟ್ಟು. ಮುಂದೆ ಅವರು ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಜೀವವಿಜ್ಞಾನದ ಮೂಲಾಧಾರಗಳಲ್ಲಿ ಒಂದು ನಮ್ಮ ಕಡೆಯಲ್ಲೇ ರೂಪುಗೊಂಡಿತು ಎಂಬುದನ್ನು ನಮ್ಮ ಶಾಲಾಪುಸ್ತಕಗಳು ಇನ್ನಷ್ಟು ಎತ್ತರದ ದನಿಯಲ್ಲಿ ಹೇಳಬೇಕು.

ಸರಪಳಿಯ ಕ್ರಮವೇ ಆಕಾರವನ್ನೂ ತೀರ್ಮಾನಿಸುತ್ತದೆ ಎಂಬುದಕ್ಕೆ ನೇರ ಪುರಾವೆ ಕೊಟ್ಟವರು ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸೆನ್. 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಅವರು ರಾಸಾಯನಿಕಗಳಿಂದ ಪೂರ್ತಿ ಬಿಚ್ಚಿ ನೀಳ ಎಳೆ ಮಾಡಿದರು. ಕಿಣ್ವದ ಕೆಲಸ ನಿಂತಿತು. ರಾಸಾಯನಿಕಗಳನ್ನು ತೆಗೆದ ಮೇಲೆ ಎಳೆ ತಾನಾಗಿ ಮೊದಲಿನ ಹಾಗೇ ಮಡಚಿಕೊಂಡು ಕೆಲಸಕ್ಕೆ ಹತ್ತಿತು. ಹಾಗಿದ್ದರೆ ಬೆಂದ ಮೊಟ್ಟೆ ಆರಿದ ಮೇಲೆ ಮತ್ತೆ ಹಸಿಯಾಗುವುದಿಲ್ಲವೇಕೆ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕಾದ ಪ್ರಶ್ನೆ. ಮೊಟ್ಟೆಯ ಬಿಳಿಯಲ್ಲಿ ಪ್ರೋಟೀನುಗಳು ಒತ್ತೊತ್ತಾಗಿವೆ. ಕಾವಿಗೆ ಬಿಚ್ಚಿಕೊಂಡ ಎಳೆಗಳು ತಮ್ಮೊಳಗೆ ಮಡಚಿಕೊಳ್ಳುವ ಮೊದಲೇ ಪಕ್ಕದವುಗಳಿಗೆ ಸಿಕ್ಕಿಕೊಂಡು ಬಿಡುತ್ತವೆ. ಮೊಟ್ಟೆಯಲ್ಲಿ ಅಮೈನೋ ಆಮ್ಲಗಳ ಸಾಲು ಕೆಟ್ಟಿಲ್ಲ, ಆಕಾರ ಮಾತ್ರ ಕೆಟ್ಟಿದೆ, ಅಷ್ಟಕ್ಕೇ ನೀರಾಗಿದ್ದದ್ದು ಗಟ್ಟಿಯಾಗಿದೆ. ಇನ್ನೂ ಬಿಗಿಯಾದ ಆಕ್ಷೇಪ ಪ್ರಿಯಾನ್ ಎಂಬ ಪ್ರೋಟೀನುಗಳದ್ದು. ಬ್ರಿಟನ್ನಿನ ದನಗಳಲ್ಲಿ ಕಾಣಿಸಿಕೊಂಡ ಹುಚ್ಚು ಹಸು ರೋಗದಲ್ಲಿ, ಮಿದುಳಿನಲ್ಲಿ ಮೊದಲೇ ಇರುವ ಒಂದು ಪ್ರೋಟೀನ್ ಸಾಲು ಬದಲಾಗದೆಯೇ ಬೇರೆ ಆಕಾರಕ್ಕೆ ಮಡಚಿಕೊಂಡು, ತನ್ನ ಸಂಪರ್ಕಕ್ಕೆ ಬಂದ ಒಳ್ಳೆಯವನ್ನೂ ತನ್ನ ಹಾಗೇ ಮಾಡುತ್ತ ಹೋಗುತ್ತದೆ. ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ಇದನ್ನು ಹೇಳಿದಾಗ ಬಹಳ ವರ್ಷ ಹೆಚ್ಚಿನವರು ನಂಬಲಿಲ್ಲ. 1997ರಲ್ಲಿ ನೊಬೆಲ್ ಕೊಟ್ಟರು. ಒಂದೇ ಸಾಲಿಗೆ ಎರಡು ಆಕಾರ ಸಾಧ್ಯ ಎಂದಾದರೆ ಆನ್ಫಿನ್ಸೆನ್ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು, ನಿಜ. ಆದರೆ ಪರಮಾಣುಗಳು ಅವೇ, ಕೊಂಡಿಗಳೂ ಅವೇ ಆಗಿದ್ದು ಮಡಿಕೆಯೊಂದೇ ಬದಲಾಗಿ ಪ್ರಾಣ ಹೋಗುತ್ತದೆ ಎಂಬುದು ಜೋಡಣೆಯ ವಾದಕ್ಕೆ ಇನ್ನಷ್ಟು ಬಲವನ್ನೇ ಕೊಡುತ್ತದೆ.

ಈ ವಾದಕ್ಕೆ ಅಡ್ಡ ನಿಲ್ಲುವುದು ಲಿಪಿಡ್‌ಗಳು. ಉಳಿದ ಮೂರು ಗುಂಪುಗಳ ಹಾಗೆ ಇವು ಸರಪಳಿಗೆ ಸರಪಳಿ ಪೋಣಿಸಿಕೊಂಡು ಬೆಳೆಯುವುದಿಲ್ಲ. ಒಂದು ಕೊಬ್ಬಿನ ಅಣು ಎಂದರೆ ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲದ ಬಾಲಗಳು, ಅಲ್ಲಿಗೆ ಮುಗಿಯಿತು. ಹಾಗಾಗಿ ಇವನ್ನು ದೊಡ್ಡ ಅಣುಗಳ ಸಾಲಿಗೆ ಸೇರಿಸುವುದೇ ತಪ್ಪು ಎನ್ನುವವರಿದ್ದಾರೆ, ಕಟ್ಟುನಿಟ್ಟಾಗಿ ನೋಡಿದರೆ ಅವರ ಮಾತು ಸರಿ. ಆದರೂ ಜೋಡಣೆಯ ಮಾತು ಇಲ್ಲಿ ಸುಳ್ಳಾಗುವುದಿಲ್ಲ. ತುಪ್ಪದ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನವು ನೆಟ್ಟಗಿವೆ, ಒತ್ತಾಗಿ ಕೂತು ಚಳಿಗೆ ಹೆಪ್ಪುಗಟ್ಟುತ್ತವೆ. ಸೂರ್ಯಕಾಂತಿ ಎಣ್ಣೆಯ ಬಾಲಗಳಲ್ಲಿ ಇಬ್ಬಂಧ ಇರುವ ಕಡೆ ಒಂದು ಸೊಟ್ಟ ಬಾಗು ಇದೆ, ಅವು ಒತ್ತಾಗಿ ಕೂರಲಾರವು, ಎಣ್ಣೆ ದ್ರವವಾಗಿಯೇ ಉಳಿಯುತ್ತದೆ. ಎಣ್ಣೆಗೆ ಜಲಜನಕ ಹಾಯಿಸಿ ವನಸ್ಪತಿ ಮಾಡುವಾಗ ಉಳಿದ ಕೆಲವು ಇಬ್ಬಂಧಗಳು ಮಗ್ಗುಲು ಬದಲಿಸಿ, ಬಾಗಿದ್ದ ಬಾಲ ನೆಟ್ಟಗಾಗುತ್ತದೆ. ಇದೇ ಟ್ರಾನ್ಸ್ ಕೊಬ್ಬು. ಪರಮಾಣುಗಳ ಲೆಕ್ಕದಲ್ಲಿ ಅದಕ್ಕೂ ಬಾಗಿದ ಕೊಬ್ಬಿಗೂ ಒಂದು ಚೂರೂ ವ್ಯತ್ಯಾಸವಿಲ್ಲ. ಆದರೆ ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಅದಕ್ಕಾಗಿಯೇ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇಕಡ 3ಕ್ಕೆ, 2022ರಿಂದ ಶೇಕಡ 2ಕ್ಕೆ ಇಳಿಸಿತು. ಜೀವಕೋಶದ ಸುತ್ತಲಿನ ಪೊರೆಯೂ ಲಿಪಿಡ್‌ಗಳದ್ದೇ. ನೀರಿಗೆ ಒಗ್ಗುವ ತಲೆ, ನೀರಿಗೆ ಒಗ್ಗದ ಎರಡು ಬಾಲ ಇರುವ ಅಣುಗಳು, ಬಾಲಕ್ಕೆ ಬಾಲ ಮುಖ ಮಾಡಿ ಎರಡು ಪದರವಾಗಿ ತಾವೇ ಸಾಲುಗೂಡುತ್ತವೆ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ತೆಗೆದ ಲಿಪಿಡನ್ನು ನೀರಿನ ಮೇಲೆ ಹರಡಿ, ಅದು ಕಣಗಳ ಮೈಗಿಂತ ಎರಡು ಪಟ್ಟು ಜಾಗ ಮುಚ್ಚುತ್ತದೆ ಎಂದು ಅಳೆದು ಈ ಎರಡು ಪದರವನ್ನು ಊಹಿಸಿದರು.

ಸಾಮಾನನ್ನೇ ನೋಡುತ್ತ ಜೋಡಣೆಯನ್ನು ಮರೆತರೆ ವಿಜ್ಞಾನವೂ ಹೇಗೆ ದಾರಿ ತಪ್ಪುತ್ತದೆ ಎಂಬುದಕ್ಕೆ ಡಿಎನ್‌ಎಯ ಇತಿಹಾಸ ಸಾಕ್ಷಿ. ಅದರಲ್ಲಿರುವುದು ಬೇಸ್ ಎಂಬ ನಾಲ್ಕೇ ಬಗೆಯ ಸಾಮಾನು. ಇಪ್ಪತ್ತು ಬಗೆಯ ಸಾಮಾನಿರುವ ಪ್ರೋಟೀನಿನ ಎದುರು ಅದು ಬಡವಾಗಿ ಕಂಡಿತು. ಫೀಬಸ್ ಲೆವೀನ್ ಎಂಬ ದೊಡ್ಡ ರಸಾಯನ ವಿಜ್ಞಾನಿ, ನಾಲ್ಕೂ ಸಮಪ್ರಮಾಣದಲ್ಲಿದ್ದು ಅದೇ ನಾಲ್ಕರ ಗುಂಪು ಸುಮ್ಮನೆ ಮರುಕಳಿಸುತ್ತದೆ ಎಂದರು. ಹಾಗಾದರೆ ಆನುವಂಶಿಕ ಗುಣಗಳನ್ನು ಹೊತ್ತೊಯ್ಯುವ ಯೋಗ್ಯತೆ ಇಂಥ ಏಕತಾನದ ಅಣುವಿಗೆ ಎಲ್ಲಿಂದ ಬರಬೇಕು, ಅದು ಪ್ರೋಟೀನಿನ ಕೆಲಸವೇ ಇರಬೇಕು ಎಂದು ಹೆಚ್ಚಿನವರು ತೀರ್ಮಾನಿಸಿದರು. 1944ರಲ್ಲಿ ಆಸ್ವಾಲ್ಡ್ ಏವರಿ, ಮೆಕ್ಲಿಯಾಡ್, ಮೆಕಾರ್ಟಿ ಮೂವರು ನ್ಯುಮೋನಿಯಾ ಬ್ಯಾಕ್ಟೀರಿಯಾದ ಗುಣ ಬದಲಿಸುವ ವಸ್ತು ಡಿಎನ್‌ಎ ಎಂದು ತೋರಿಸಿದಾಗಲೂ ಬಹಳ ಮಂದಿ ಹಿಂದೇಟು ಹಾಕಿದ್ದಕ್ಕೆ ಇದೂ ಕಾರಣ. ಎರ್ವಿನ್ ಚಾರ್ಗಾಫ್ ಬೇರೆ ಬೇರೆ ಜೀವಿಗಳ ಡಿಎನ್‌ಎ ಅಳೆದು, ಬೇಸ್‌ಗಳ ಪ್ರಮಾಣ ಜಾತಿಯಿಂದ ಜಾತಿಗೆ ಬದಲಾಗುತ್ತದೆ, ಆದರೆ ಅಡಿನಿನ್ ಇದ್ದಷ್ಟೇ ಥೈಮಿನ್, ಗ್ವಾನಿನ್ ಇದ್ದಷ್ಟೇ ಸೈಟೊಸಿನ್ ಇರುತ್ತದೆ ಎಂದು ಕಂಡುಕೊಂಡರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಶಾಲೆಯ ಎಕ್ಸ್-ಕಿರಣ ಚಿತ್ರಗಳ ಆಧಾರ ಸಿಕ್ಕಿ 1953ರಲ್ಲಿ ವ್ಯಾಟ್ಸನ್ ಮತ್ತು ಕ್ರಿಕ್ ಎರಡೆಳೆಯ ಸುರುಳಿಯನ್ನು ಕಟ್ಟಿದ ಮೇಲೆ ವಿಷಯ ಸ್ಪಷ್ಟವಾಯಿತು: ನಾಲ್ಕೇ ಬೇಸ್ ಸಾಕು, ಏಕೆಂದರೆ ಸಾಲು ಎಷ್ಟು ಉದ್ದ ಬೇಕಾದರೂ ಇರಬಹುದು, ಹೇಗೆ ಬೇಕಾದರೂ ಇರಬಹುದು. ಮನುಷ್ಯನಲ್ಲಿ ಅದು ಸುಮಾರು 300 ಕೋಟಿ ಜೋಡಿ ಬೇಸ್‌ಗಳಷ್ಟು ಉದ್ದ. ಮೂರು ಮೂರು ಬೇಸ್‌ಗಳ 64 ಗುಂಪುಗಳು ಇಪ್ಪತ್ತು ಅಮೈನೋ ಆಮ್ಲಗಳಿಗೆ ಹೇಗೆ ಹೊಂದುತ್ತವೆ ಎಂದು ಬಿಡಿಸಿದವರಲ್ಲಿ ಹರ್‌ಗೋಬಿಂದ್ ಖೊರಾನಾ ಒಬ್ಬರು. 1968ರ ನೊಬೆಲ್ ಅದಕ್ಕೇ ಸಂದಿತು. ಪಿಷ್ಟಕ್ಕೂ ಕೊಬ್ಬಿಗೂ ಡಿಎನ್‌ಎಯಲ್ಲಿ ನೇರ ಸಾಲು ಇಲ್ಲ. ಆದರೆ ಅವನ್ನು ಜೋಡಿಸುವ ಕಿಣ್ವಗಳಿಗೆ ಇದೆ.

ಇಷ್ಟು ಕೇಳಿದ ಮೇಲೆ ಒಂದು ಗಂಭೀರ ಪ್ರಶ್ನೆ ಏಳುತ್ತದೆ. ಆಗತಾನೇ ಸತ್ತ ಪ್ರಾಣಿಯ ಮೈಯಲ್ಲಿ ಈ ಅಣುಗಳೆಲ್ಲ ಹಾಗೇ ಇವೆ, ಸಾಲೂ ಹಾಗೇ ಇದೆ, ಮಡಿಕೆಯೂ ಹಾಗೇ ಇದೆ. ಮತ್ತೆ ಹೋದದ್ದು ಏನು? ಅಣುಗಳ ಜೋಡಣೆಯಿಂದಲೇ ಜೀವ ಎಂಬುದು ಪೂರ್ತಿ ವಿವರ ಎಂದು ಹೇಳಿದರೆ ಅದು ಅತಿಯಾಗುತ್ತದೆ. ಜೋಡಣೆ ತಾನಾಗಿ ಉಳಿಯುವುದಿಲ್ಲ. ಪ್ರೋಟೀನುಗಳು ಹಾಳಾಗುತ್ತಲೇ ಇರುತ್ತವೆ, ಜೀವಕೋಶ ಅವನ್ನು ಒಡೆದು ಹೊಸದಾಗಿ ಕಟ್ಟುತ್ತಲೇ ಇರುತ್ತದೆ; ಪೊರೆಯ ಒಳಗೂ ಹೊರಗೂ ಉಪ್ಪಿನ ಅಂಶಗಳ ಹೆಚ್ಚುಕಡಿಮೆಯನ್ನು ಕಾಯಲು ಬಿಡುವಿಲ್ಲದೆ ಶಕ್ತಿ ಖರ್ಚು ಮಾಡುತ್ತದೆ. ಆಮ್ಲಜನಕ ನಿಂತರೆ ಆ ಖರ್ಚಿಗೆ ದುಡಿಮೆ ಇಲ್ಲ; ಮಿದುಳಿನಲ್ಲಿ ಕೆಲವೇ ನಿಮಿಷಕ್ಕೆ ಆ ವ್ಯತ್ಯಾಸ ಕುಸಿಯುತ್ತದೆ. ದೊಡ್ಡ ಅಣು ಏನು ಮಾಡಬಲ್ಲದು ಎಂಬುದನ್ನು ಜೋಡಣೆ ಹೇಳುತ್ತದೆ. ಅದು ಮಾಡುತ್ತ ಇರಬೇಕಾದರೆ ಹರಿವು ಬೇಕು.

ಇನ್ನೊಂದು ಆಕ್ಷೇಪ ದಿನಬಳಕೆಯದು. ತಿಂದದ್ದೆಲ್ಲ ಹೊಟ್ಟೆಯಲ್ಲಿ ಬಿಡಿ ಬಿಡಿಯಾಗುವುದಾದರೆ, ತಿನ್ನುವವರಿಗೆ ಸಾಲು ಹೇಗಿದ್ದರೇನು, ಪೊಟ್ಟಣದ ಮೇಲೆ ಬರೆದ ಗ್ರಾಂ ಲೆಕ್ಕ ಸಾಕಲ್ಲವೇ? ಇದರಲ್ಲಿ ಅರ್ಧ ಸತ್ಯವಿದೆ. ಊಟದ ಮಟ್ಟಿಗೆ ಸಾಮಾನು ಖಂಡಿತ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ನಮ್ಮ ಮೈ ತಯಾರಿಸಲಾರದು, ತಿಂದೇ ಪಡೆಯಬೇಕು. ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಮಿಥಿಯೊನಿನ್ ಕಡಿಮೆ, ಅಕ್ಕಿ ಅದನ್ನು ತುಂಬಿಕೊಡುತ್ತದೆ. ಅನ್ನ–ಸಾರು, ಇಡ್ಲಿ, ಬಿಸಿಬೇಳೆಬಾತು ಇವುಗಳಲ್ಲಿ ಎರಡೂ ಕೂಡುತ್ತವೆ. ಆದರೆ ಗ್ರಾಂ ಲೆಕ್ಕ ಇದನ್ನು ಹೇಳುವುದಿಲ್ಲ. ಈಗ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಕೊಲಾಜೆನ್ ಪುಡಿ ಇದಕ್ಕೆ ಒಳ್ಳೆಯ ಉದಾಹರಣೆ. ಪೊಟ್ಟಣದ ಮೇಲೆ ಪ್ರೋಟೀನ್ ಎಂದಿರುತ್ತದೆ, ಅದು ಸುಳ್ಳಲ್ಲ. ಆದರೆ ಕೊಲಾಜೆನ್ನಿನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅವಶ್ಯಕ ಅಮೈನೋ ಆಮ್ಲ ಇಲ್ಲವೇ ಇಲ್ಲ. ಪ್ರೋಟೀನಿನ ಲೆಕ್ಕಕ್ಕೆ ಅದು ಒಂದು ಬಟ್ಟಲು ಹುರುಳಿಸಾರಿಗೂ ಸಮವಲ್ಲ. ತಿಂದ ಕೊಲಾಜೆನ್ ನೆಟ್ಟಗೆ ಹೋಗಿ ಚರ್ಮದ ಕೊಲಾಜೆನ್ ಆಗುವುದೂ ಇಲ್ಲ. ಅದರ ಎರಡು ಮೂರು ಅಮೈನೋ ಆಮ್ಲಗಳ ಸಣ್ಣ ತುಣುಕುಗಳು ರಕ್ತಕ್ಕೆ ಸೇರುತ್ತವೆ, ನಿಜ. ಆದರೆ ನಮ್ಮ ಚರ್ಮದ ಹುರಿಯನ್ನು ಮೈ ಕಟ್ಟುವುದು ತನ್ನ ಡಿಎನ್‌ಎಯ ಸಾಲಿನ ಪ್ರಕಾರ, ಮತ್ತು ಅದನ್ನು ಗಟ್ಟಿ ಮಾಡಲು ಸಿ ಜೀವಸತ್ವ ಬೇಕೇ ಬೇಕು. ಹಡಗಿನ ನಾವಿಕರಿಗೆ ವಸಡಿನಲ್ಲಿ ರಕ್ತ ಒಸರಿ, ಹಳೆಯ ಗಾಯಗಳು ಮತ್ತೆ ಬಿಚ್ಚಿಕೊಳ್ಳುತ್ತಿದ್ದ ಸ್ಕರ್ವಿ ಎಂದರೆ ಕೊಲಾಜೆನ್ ಹುರಿ ಸಡಿಲವಾಗುವ ಕಾಯಿಲೆ. 1747ರಲ್ಲಿ ಜೇಮ್ಸ್ ಲಿಂಡ್ ಅದನ್ನು ಗುಣಪಡಿಸಿದ್ದು ಕಿತ್ತಳೆ, ನಿಂಬೆಗಳಿಂದ. ದುಬಾರಿ ಪುಡಿಗೆ ಹಣ ಸುರಿಯುವವರಿಗೆ ನೆಲ್ಲಿಕಾಯಿಯ ನೆನಪು ಮಾಡಿಕೊಡುವುದು ಪತ್ರಿಕೆಗಳ ಕರ್ತವ್ಯ.

ಜೋಡಣೆಯ ಮಾತು ಪುಸ್ತಕದ ವಿಷಯವಾಗಿ ಉಳಿಯದೆ ನಮ್ಮ ನೆರೆಹೊರೆಯ ಬದುಕಿಗೆ ಬರುವುದು ಸಿಕಲ್ ಸೆಲ್ ರಕ್ತಹೀನತೆಯಲ್ಲಿ. ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಪಳಿಗಳು, ಒಟ್ಟು 574 ಅಮೈನೋ ಆಮ್ಲಗಳು. ಬೀಟಾ ಎಂಬ ಸರಪಳಿಯ 146ರಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್ ಇದ್ದರೆ ಈ ಕಾಯಿಲೆ. ಡಿಎನ್‌ಎಯಲ್ಲಿ ಅಡಿನಿನ್ ಇರಬೇಕಾದ ಒಂದೇ ಜಾಗದಲ್ಲಿ ಥೈಮಿನ್ ಇದ್ದದ್ದರ ಫಲ. ಗ್ಲುಟಾಮಿಕ್ ಆಮ್ಲ ನೀರಿಗೆ ಒಗ್ಗುತ್ತದೆ, ವ್ಯಾಲಿನ್ ಒಗ್ಗುವುದಿಲ್ಲ. ಆಮ್ಲಜನಕ ಇಳಿಸಿದ ಮೇಲೆ ಆ ವ್ಯಾಲಿನ್ ಪಕ್ಕದ ಹಿಮೋಗ್ಲೋಬಿನ್ನಿನ ಒಂದು ಸಂದಿಗೆ ಹೋಗಿ ಅಂಟುತ್ತದೆ, ಅದು ಇನ್ನೊಂದಕ್ಕೆ. ಹೀಗೆ ಉದ್ದನೆಯ ಎಳೆಗಳಾಗಿ ರಕ್ತಕಣವನ್ನೇ ಕುಡುಗೋಲಿನ ಆಕಾರಕ್ಕೆ ಎಳೆಯುತ್ತವೆ. ಸುಮಾರು 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೆ ಮುಗಿಯುತ್ತದೆ. ಸಣ್ಣ ರಕ್ತನಾಳಗಳಲ್ಲಿ ಕಣಗಳು ಸಿಕ್ಕಿಕೊಂಡು ಕೈಕಾಲು, ಎದೆ, ಬೆನ್ನಿನಲ್ಲಿ ತಡೆಯಲಾರದ ನೋವು ಬರುತ್ತದೆ. ಇದು ಅಣುವಿನ ಕಾಯಿಲೆ ಎಂದು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದ್ದು ವಿದ್ಯುತ್ ಕ್ಷೇತ್ರದಲ್ಲಿ ಎರಡು ಹಿಮೋಗ್ಲೋಬಿನ್‌ಗಳು ಬೇರೆ ಬೇರೆ ವೇಗದಲ್ಲಿ ಸರಿಯುವುದನ್ನು ನೋಡಿ. ಬದಲಾದದ್ದು ಒಂದೇ ಅಮೈನೋ ಆಮ್ಲ ಎಂದು ವರ್ನನ್ ಇಂಗ್ರಾಮ್ ಕೆಲವೇ ವರ್ಷಗಳಲ್ಲಿ ಕಂಡುಹಿಡಿದರು. ಭಾರತದಲ್ಲಿ ಇದು ಮೊದಲು ಗುರುತಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ನೀಲಗಿರಿ ಕಾಡಿನ ಈಚೆಗಿರುವ ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿ, ಪೋಡುಗಳಲ್ಲೂ ಇದೆ.

2023ರಲ್ಲಿ ಕೇಂದ್ರ ಸರ್ಕಾರ 2047ರ ಹೊತ್ತಿಗೆ ಈ ಕಾಯಿಲೆಯನ್ನು ಇಲ್ಲವಾಗಿಸುವ ಗುರಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಅದೇ ವರ್ಷದ ಕೊನೆಗೆ ಬ್ರಿಟನ್ ಮತ್ತು ಅಮೆರಿಕ, ಜೀನ್ ತಿದ್ದುವ ಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಕೊಟ್ಟವು. ಆ ಚಿಕಿತ್ಸೆ ತಪ್ಪಿದ ಬೇಸನ್ನು ಸರಿಪಡಿಸುವುದಿಲ್ಲ; ಗರ್ಭದಲ್ಲಿದ್ದಾಗ ತಯಾರಾಗುತ್ತಿದ್ದ, ಬೇರೆ ಸಾಲಿನ ಹಿಮೋಗ್ಲೋಬಿನ್ನಿಗೆ ಹುಟ್ಟಿದ ಮೇಲೆ ಬಿದ್ದ ಬೀಗ ತೆಗೆಯುತ್ತದೆ. ಆ ಸಾಲಿಗೆ ಎಳೆಗಟ್ಟುವ ಗುಣ ಇಲ್ಲ. ಅಮೆರಿಕದಲ್ಲಿ ಒಬ್ಬರಿಗೆ ಅದರ ಬೆಲೆ 20 ಲಕ್ಷ ಡಾಲರಿಗೂ ಮೇಲೆ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ, ಅಗ್ಗದ ಮಾತ್ರೆಯೂ ಅದೇ ಗರ್ಭಕಾಲದ ಹಿಮೋಗ್ಲೋಬಿನ್ನನ್ನು ಒಂದಷ್ಟು ಹೆಚ್ಚಿಸುತ್ತದೆ, ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ಆದರೆ ಆ ಮಾತ್ರೆ ವೈದ್ಯರ ನಿಗಾದಲ್ಲಿ ವರ್ಷಗಟ್ಟಲೆ ತಪ್ಪದೆ ಸಿಗಬೇಕು, ಮತ್ತು ಅದಕ್ಕೂ ಮೊದಲು ಯಾವ ಮಗುವಿಗೆ ಬೇಕು ಎಂಬುದು ಗೊತ್ತಾಗಬೇಕು. ಅದಕ್ಕೆ ಬೇಕಾದದ್ದು ಬೆರಳ ತುದಿಯ ಒಂದೆರಡು ಹನಿ ರಕ್ತ, ಅದು ಸಂಶಯ ಹುಟ್ಟಿಸಿದರೆ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸಿ ನೋಡುವ ಇನ್ನೊಂದು ಪರೀಕ್ಷೆ. ಪಾಲಿಂಗ್ 1949ರಲ್ಲಿ ಬಳಸಿದ ತತ್ವವೇ ಇದಕ್ಕೆ ಈಗಲೂ ಒದಗುತ್ತದೆ. ಪೋಡಿನಿಂದ ತಾಲ್ಲೂಕು ಆಸ್ಪತ್ರೆಗೆ ಮಾದರಿ ಹೋಗಿ, ಫಲಿತಾಂಶ ಆ ಮಗುವಿನ ತಾಯಿಯ ಕೈಗೆ ಅವಳಿಗೆ ತಿಳಿಯುವ ಮಾತಿನಲ್ಲಿ ಮರಳಿ ಬರಬೇಕು.